ಗೇಟಿನಲ್ಲಿ ನಿಂತವರ ಸಂಬಳ

ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುತ್ತದೆ, ಮನೆ ತೆರಿಗೆಯ ನೋಟಿಸ್ ಅಂಚೆಯಲ್ಲಿ ಬರುತ್ತದೆ. ನಾವಿರುವುದು ಫ್ಲಾರಿಡಾದ ಬ್ರೋವಾರ್ಡ್ ಕೌಂಟಿಯಲ್ಲಿ, ಮಯಾಮಿಯಿಂದ ಸ್ವಲ್ಪ ಉತ್ತರಕ್ಕೆ. 2025ರಲ್ಲಿ ಆ ನೋಟಿಸ್ ಬಂದಾಗ ಅಪ್ಪ ನಮ್ಮ ಜೊತೆಗೇ ಇದ್ದರು.

ಅಪ್ಪ ಶಿವಮೊಗ್ಗ ಜಿಲ್ಲೆಯ ಒಂದು ಪುರಸಭೆಯಲ್ಲಿ ಮೂವತ್ತು ವರ್ಷ ಬಿಲ್ ಕಲೆಕ್ಟರ್ ಆಗಿದ್ದವರು. ಕಂದಾಯದ ಕಾಗದ ಅಂದರೆ ಅವರಿಗೆ ಬೇರೆಯವರಿಗೆ ಪೇಪರ್ ಇದ್ದ ಹಾಗೆ. ಕನ್ನಡಕ ಹಾಕಿಕೊಂಡು, ಡೈನಿಂಗ್ ಟೇಬಲ್ ಮೇಲೆ ನೋಟಿಸ್ ಹರಡಿ, ಪೆನ್ನಿನ ತುದಿಯನ್ನು ಒಂದೊಂದೇ ಸಾಲಿನ ಮೇಲೆ ಎಳೆಯುತ್ತಾ ಓದಿದರು. ಕೌಂಟಿಗೆ ಇಷ್ಟು, ನಗರಕ್ಕೆ ಇಷ್ಟು, ಆಸ್ಪತ್ರೆ ಜಿಲ್ಲೆಗೆ ಇಷ್ಟು, ನೀರಿನ ಇಲಾಖೆಗೆ ಇಷ್ಟು. ಸ್ಕೂಲ್ ಬೋರ್ಡಿನ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಇಷ್ಟೊಂದಾ? ಶಾಲೆಗೆ ಅಂತ್ಲೇ?"

ಹೌದು ಅಪ್ಪಾ, ಇಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಬರುವುದೇ ಮನೆ ಜಾಗದ ತೆರಿಗೆಯಿಂದ ಅಂದೆ. ಅದರಲ್ಲಿ ಒಂದು ಪಾಲು ಜನರೇ ಮತ ಹಾಕಿ ತಮ್ಮ ಮೇಲೆ ಹಾಕಿಕೊಂಡ ತೆರಿಗೆ. ಟೀಚರುಗಳ ಸಂಬಳಕ್ಕೆ ಮತ್ತು ಶಾಲೆಯ ಕಾವಲಿನವರ ಸಂಬಳಕ್ಕೆ.

ಅಪ್ಪ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಅಲ್ಲ ಕಣೇ, ನಾವೂ ಸೆಸ್ ವಸೂಲಿ ಮಾಡ್ತಿದ್ವಿ. ಆರೋಗ್ಯಕ್ಕೆ ನೂರಕ್ಕೆ 15, ಲೈಬ್ರರಿಗೆ 6, ಭಿಕ್ಷುಕರಿಗೆ 3. ರಸೀದಿ ಹರಿದು ಕೊಡ್ತಿದ್ದೆ. ಆ ಲೈಬ್ರರಿ ದುಡ್ಡು ಲೈಬ್ರರಿಗೆ ಹೋಯ್ತಾ ಅಂತ ಮೂವತ್ತು ವರ್ಷದಲ್ಲಿ ಒಬ್ಬರೂ ನನ್ನ ಕೇಳಲಿಲ್ಲ. ಈ ದುಡ್ಡು ಆ ಕಾವಲುಗಾರನ ಕೈಗೆ ಮುಟ್ಟುತ್ತಾ? ನೀನು ಕೇಳಿದೀಯಾ?"

ನಾನು ಕೇಳಿರಲಿಲ್ಲ. ಈ ಬರಹ ಆ ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ಹಿಂದಿನದು ಸ್ವಲ್ಪ ಹೇಳಬೇಕು. 2018ರ ಫೆಬ್ರವರಿ 14. ಪಾರ್ಕ್‌ಲ್ಯಾಂಡಿನ ಮಾರ್ಜರಿ ಸ್ಟೋನ್‌ಮನ್ ಡಗ್ಲಸ್ ಹೈಸ್ಕೂಲಿಗೆ ಹಳೆಯ ವಿದ್ಯಾರ್ಥಿಯೊಬ್ಬ ರೈಫಲ್ ಹಿಡಿದು ಬಂದು 17 ಜನರನ್ನು ಕೊಂದ. 14 ಮಕ್ಕಳು, 3 ಸಿಬ್ಬಂದಿ. ನಮ್ಮ ಮನೆಯಿಂದ ಅದು ಕಾರಿನಲ್ಲಿ ಅರ್ಧ ಗಂಟೆಯೂ ಇಲ್ಲ. ಮಗನಿಗೆ ಆಗ ಎಂಟು ತಿಂಗಳು. ಅವನನ್ನು ಎದೆಗೆ ಅವಚಿಕೊಂಡು ಹಿತ್ತಲಲ್ಲಿ ನಿಂತು ಹೆಲಿಕಾಪ್ಟರ್ ಸದ್ದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಆಮೇಲೆ ಬಂದ ತನಿಖಾ ಆಯೋಗದ ವರದಿಯಲ್ಲಿ ನನ್ನನ್ನು ಬಿಡದೆ ಕಾಡಿದ್ದು ಬಂದೂಕಿನ ವಿಷಯಕ್ಕಿಂತ ಗೇಟಿನ ವಿಷಯ. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು ಅಂತ ಗೇಟು ತೆರೆದಿದ್ದರು. ಅಲ್ಲಿ ಯಾರೂ ನಿಂತಿರಲಿಲ್ಲ. ಅವನು ಅದೇ ಗೇಟಿನಿಂದ ನಡೆದು ಒಳಗೆ ಬಂದ. ಗಾಲ್ಫ್ ಕಾರ್ಟಿನಲ್ಲಿ ಓಡಾಡುತ್ತಿದ್ದ ಕ್ಯಾಂಪಸ್ ಮಾನಿಟರ್ ಒಬ್ಬರು ಅವನನ್ನು ನೋಡಿದರು, ಗುರುತೂ ಹಿಡಿದರು, ರೇಡಿಯೋದಲ್ಲಿ ಇನ್ನೊಬ್ಬರಿಗೆ ಹೇಳಿದರು. ಆದರೆ ಕೋಡ್ ರೆಡ್ ಅಂತ ಕೂಗಲಿಲ್ಲ. ಕೋಡ್ ರೆಡ್ ಅಂದರೆ ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೆ ಕೂರಿ ಅನ್ನುವ ಕರೆ. ಅದನ್ನು ಯಾರಾದರೂ ಹೇಳುವಷ್ಟರಲ್ಲಿ ಗುಂಡು ಹಾರಲು ಶುರುವಾಗಿ ಮೂರು ನಿಮಿಷ ಕಳೆದಿತ್ತು. ಬಂದೂಕು ಇದ್ದ ಶಾಲಾ ಪೊಲೀಸ್ ಅಧಿಕಾರಿ ಕಟ್ಟಡದ ಹೊರಗೇ ಉಳಿದರು. ಅವರ ಮೇಲೆ ಕೇಸ್ ನಡೆದು 2023ರಲ್ಲಿ ಖುಲಾಸೆಯಾಯಿತು. ಅದೇ ದಿನ ಬಂದೂಕೇ ಇಲ್ಲದ ಆರನ್ ಫೈಸ್, ಫುಟ್‌ಬಾಲ್ ಕೋಚ್ ಜೊತೆಗೆ ಸೆಕ್ಯುರಿಟಿ ಕೆಲಸವನ್ನೂ ಮಾಡುತ್ತಿದ್ದವರು, ಸದ್ದು ಬಂದ ಕಡೆಗೇ ಓಡಿ ಪ್ರಾಣ ಕೊಟ್ಟರು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಸೆಕ್ಯುರಿಟಿ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಬಂದೂಕು, ಕ್ಯಾಮೆರಾ, ಲೋಹ ಪತ್ತೆ ಯಂತ್ರ. ಆ ದಿನ ತಪ್ಪಿದ್ದು ಅದಕ್ಕಿಂತ ಸಣ್ಣ ವಿಷಯ. ಗೇಟಿನಲ್ಲಿ ಒಬ್ಬ ಮನುಷ್ಯ ಬೇಕಿತ್ತು. ಆ ಮನುಷ್ಯನಿಗೆ ತರಬೇತಿ ಬೇಕಿತ್ತು, ನೀನು ಕೂಗಬಹುದು ಅನ್ನುವ ಅಧಿಕಾರ ಬೇಕಿತ್ತು.

ದುರಂತ ಆಗಿ ಮೂರೇ ವಾರಕ್ಕೆ, ಮಾರ್ಚ್ 9ಕ್ಕೆ, ಫ್ಲಾರಿಡಾ ಸರ್ಕಾರ ಹೊಸ ಕಾನೂನು ತಂದಿತು. ಪ್ರತಿ ಸರ್ಕಾರಿ ಶಾಲೆಯಲ್ಲೂ ಕನಿಷ್ಠ ಒಬ್ಬ ಶಸ್ತ್ರಧಾರಿ ಭದ್ರತಾ ಅಧಿಕಾರಿ ಇರಲೇಬೇಕು. ಪೊಲೀಸ್ ಆಗಬಹುದು, ಇಲ್ಲವೇ ಗಾರ್ಡಿಯನ್ ಅಂತ ಕರೆಯುವ, ತರಬೇತಿ ಪಡೆದ ಸಿಬ್ಬಂದಿ ಆಗಬಹುದು. ಈ ಗಾರ್ಡಿಯನ್ ಯೋಜನೆಗೆ ಇಟ್ಟಿದ್ದು ಆರನ್ ಫೈಸ್ ಅವರದೇ ಹೆಸರು. 144 ಗಂಟೆ ತರಬೇತಿ, ಮಾನಸಿಕ ಪರೀಕ್ಷೆ, ಡ್ರಗ್ ಟೆಸ್ಟ್ ಎಲ್ಲ ಇದೆ. ಸರಿ, ಆದರೆ ಸಂಬಳ ಯಾರು ಕೊಡಬೇಕು? ರಾಜ್ಯ ಒಂದಷ್ಟು ಕೊಡುತ್ತದೆ. ಪ್ರತಿ ಶಾಲಾ ಜಿಲ್ಲೆಗೆ ಕನಿಷ್ಠ 250,000 ಡಾಲರ್, ಉಳಿದದ್ದು ಅಪರಾಧದ ಲೆಕ್ಕ ಮತ್ತು ಮಕ್ಕಳ ಸಂಖ್ಯೆ ನೋಡಿ. ಬ್ರೋವಾರ್ಡಿನಲ್ಲಿ ಇನ್ನೂರಕ್ಕೂ ಹೆಚ್ಚು ಸರ್ಕಾರಿ ಶಾಲೆಗಳಿವೆ. ರಾಜ್ಯದ ದುಡ್ಡು ಸಾಲಲಿಲ್ಲ.

ಹಾಗಾಗಿ ಆ ವರ್ಷದ ಆಗಸ್ಟ್ 28ಕ್ಕೆ ಜನರನ್ನೇ ಕೇಳಿದರು. ಅರ್ಧ ಮಿಲ್ ತೆರಿಗೆ, ನಾಲ್ಕು ವರ್ಷಕ್ಕೆ. ಮಿಲ್ ಅಂದರೆ ತೆರಿಗೆ ಕಟ್ಟಬೇಕಾದ ಬೆಲೆಯಲ್ಲಿ ಸಾವಿರ ಡಾಲರಿಗೆ ಒಂದು ಡಾಲರ್, ಅಷ್ಟೇ. ಜನ ಒಪ್ಪಿದರು. ಪಕ್ಕದ ಮಯಾಮಿ-ಡೇಡ್ ಕೌಂಟಿಯಲ್ಲೂ ಅದೇ ವರ್ಷದ ನವೆಂಬರಿನಲ್ಲಿ ಮುಕ್ಕಾಲು ಮಿಲ್ ಕೇಳಿದರು, ಅಲ್ಲೂ ಒಪ್ಪಿದರು. 2022ರಲ್ಲಿ ಎರಡೂ ಕಡೆ ಮತ್ತೆ ಮತ, ಈ ಸಲ ಒಂದು ಪೂರ್ತಿ ಮಿಲ್. ಮತ್ತೆ ಪಾಸಾಯಿತು.

2018ರಲ್ಲಿ ನಮ್ಮಿಬ್ಬರ ಹತ್ತಿರ ಗ್ರೀನ್ ಕಾರ್ಡ್ ಇತ್ತು, ಮತ ಇರಲಿಲ್ಲ. ತೆರಿಗೆ ಮಾತ್ರ ಕಟ್ಟಿದೆವು. 2021ರಲ್ಲಿ ಪೌರತ್ವ ಸಿಕ್ಕಿತು, ಈ ದೇಶದಲ್ಲಿ ನಾನು ಹಾಕಿದ ಮೊದಲ ಮತಪತ್ರದಲ್ಲಿ ಇದ್ದ ವಿಷಯಗಳಲ್ಲಿ ಇದೂ ಒಂದು. ಯೋಚನೆ ಮಾಡದೆ ಮತಪತ್ರದಲ್ಲಿ ಹೌದು ಅನ್ನುವುದರ ಪಕ್ಕದ ಖಾಲಿ ಗುಂಡಿಗೆ ಮಸಿ ತುಂಬಿ ಬಂದೆ. ಈಗಲೂ ನನಗೆ ಅದರ ಬಗ್ಗೆ ಪಶ್ಚಾತ್ತಾಪ ಇಲ್ಲ. ಆದರೆ ಯೋಚನೆ ಮಾಡಬೇಕಿತ್ತು.

ಅಪ್ಪನ ಜೊತೆ ಕೂತು ಲೆಕ್ಕ ಹಾಕಿದೆ. ಶಾಲಾ ತೆರಿಗೆಗೆ ನಮ್ಮ ಮನೆಯ ಬೆಲೆ 320,000 ಡಾಲರ್ ಅಂತ ಹಿಡಿದಿದ್ದಾರೆ. ಒಂದು ಮಿಲ್ ಅಂದರೆ ವರ್ಷಕ್ಕೆ 320 ಡಾಲರ್. ಅದರಲ್ಲಿ ದೊಡ್ಡ ಪಾಲು ಟೀಚರುಗಳು ಮತ್ತು ಶಾಲಾ ಸಿಬ್ಬಂದಿಯ ಸಂಬಳಕ್ಕೆ, ಒಂದಿಷ್ಟು ಮಕ್ಕಳ ಮಾನಸಿಕ ಆರೋಗ್ಯಕ್ಕೆ. ಭದ್ರತೆಗೆ ಐದರಲ್ಲಿ ಒಂದು ಪಾಲು ಅಂತಲೇ ಹಿಡಿದರೂ 64 ಡಾಲರ್. ತಿಂಗಳಿಗೆ ಐದು ಡಾಲರ್ ಚಿಲ್ಲರೆ. ಇಂಡಿಯನ್ ಅಂಗಡಿಯಲ್ಲಿ ಒಂದು ಪ್ಯಾಕೆಟ್ ಕಾಫಿಪುಡಿಗೆ ಇದಕ್ಕಿಂತ ಜಾಸ್ತಿ ಕೊಡುತ್ತೇನೆ. ಭಾರ ಜಾಸ್ತಿ ಆಯಿತು ಅಂತ ನಾನು ಹೇಳಲಾರೆ. ನಿವೃತ್ತರಿಗೆ, ಒಂದೇ ಸಂಬಳದಲ್ಲಿ ಮನೆ ನಡೆಸುವವರಿಗೆ ಮನೆ ವಿಮೆ ಗಗನಕ್ಕೆ ಏರಿರುವ ಈ ರಾಜ್ಯದಲ್ಲಿ ಪ್ರತಿ ನೂರು ಡಾಲರೂ ನೋವಾಗುತ್ತದೆ, ಅದನ್ನೂ ಒಪ್ಪುತ್ತೇನೆ. ಬಾಡಿಗೆಗೆ ಇರುವವರಿಗೆ ಈ ನೋಟಿಸ್ ಬರುವುದೇ ಇಲ್ಲ, ಆದರೆ ಮನೆ ಮಾಲೀಕ ಅದನ್ನು ಬಾಡಿಗೆಯಲ್ಲಿ ಸೇರಿಸಿಯೇ ಇರುತ್ತಾನೆ.

ಮರುದಿನ ಮಧ್ಯಾಹ್ನ ಮಕ್ಕಳನ್ನು ಕರೆತರಲು ಅಪ್ಪನೂ ಬಂದರು. ನಮ್ಮ ಶಾಲೆಗೆ ಒಳಗೆ ಹೋಗಲು ಒಂದೇ ದಾರಿ. ಸುತ್ತ ಕಬ್ಬಿಣದ ಬೇಲಿ. ಗೇಟಿನ ಪಕ್ಕ ಬೆಲ್ ಒತ್ತಿ ಕ್ಯಾಮೆರಾಗೆ ಮುಖ ತೋರಿಸಬೇಕು, ಒಳಗೆ ಹೋದ ಮೇಲೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟರೆ ಫೋಟೋ ಇರುವ ಸ್ಟಿಕ್ಕರ್ ಅಂಟಿಸುತ್ತಾರೆ. ಬಿಡುವ ಹೊತ್ತಿಗೆ ಗೇಟಿನಲ್ಲಿ ನಿಲ್ಲುವವರು ಒಬ್ಬ ಮಧ್ಯವಯಸ್ಸಿನ ಮನುಷ್ಯ. ಮಕ್ಕಳೆಲ್ಲ ಅವರನ್ನು ಕೋಚ್ ಅಂತ ಕರೆಯುತ್ತಾರೆ, ಅವರು ಯಾವ ಆಟವನ್ನೂ ಕಲಿಸುವುದಿಲ್ಲ. ಭುಜಕ್ಕೆ ರೇಡಿಯೋ, ತಲೆಗೆ ಅಗಲ ಅಂಚಿನ ಬಟ್ಟೆ ಟೋಪಿ, ಕೈಯಲ್ಲಿ ಕರಗುತ್ತಿರುವ ಐಸ್ ತುಂಬಿದ ನೀರಿನ ಬಾಟಲಿ. ಆಗಸ್ಟಿನ ಫ್ಲಾರಿಡಾ ಬಿಸಿಲು ಅಂದರೆ ಮೈಯೆಲ್ಲ ನೀರಾಗುವ ಬಿಸಿಲು. ಆ ಬಿಸಿಲಿನಲ್ಲಿ ಅವರು ನಲವತ್ತೈದು ನಿಮಿಷ ಕದಲುವುದಿಲ್ಲ.

ಚಿಕ್ಕವಳು ಆ ವಾರವೇ ಕಿಂಡರ್‌ಗಾರ್ಟನ್ ಸೇರಿದ್ದಳು. ಅವರು ಬಗ್ಗಿ ಅವಳ ಹೆಸರು ಹೇಳಿದರು, ಸರಿಯಾಗಿ ಹೇಳಿದರು. ನನ್ನ ಮಗಳ ಹೆಸರಿನಲ್ಲಿ ಒಂದು ಮಹಾಪ್ರಾಣ ಇದೆ, ಅವಳ ಡಾಕ್ಟರಿಗೇ ಇನ್ನೂ ಬರುವುದಿಲ್ಲ. ಆಮೇಲೆ ಅಪ್ಪನ ಕಡೆ ತೋರಿಸಿ, ಇವರು ಯಾರು, ನಿನಗೆ ಗೊತ್ತಾ ಅಂತ ಅವಳನ್ನೇ ಕೇಳಿದರು. ನನ್ನನ್ನು ಕೇಳಲಿಲ್ಲ. "ನನ್ನ ಅಜ್ಜ" ಅಂದಳು. ಅವಳು ಹೋಗಿ ಅಪ್ಪನ ಕೈ ಹಿಡಿದ ಮೇಲೆಯೇ ಅವರು ಪಕ್ಕಕ್ಕೆ ಸರಿದಿದ್ದು.

ಅಪ್ಪನಿಗೆ ಅದು ತುಂಬಾ ಹಿಡಿಸಿತು. ಕಾರಿನಲ್ಲಿ ಕೂತ ಮೇಲೆ ನಮ್ಮೂರ ಪ್ರೈಮರಿ ಶಾಲೆಯ ಜವಾನರನ್ನು ನೆನಪಿಸಿಕೊಂಡರು. ಗಂಟೆ ಹೊಡೆಯುವುದು, ಬಾಗಿಲು ತೆಗೆಯುವುದು, ಯಾವ ಮಗು ಯಾರ ಮನೆಯದು ಅಂತ ತಿಳಿದಿರುವುದು, ಎಲ್ಲ ಅವರೊಬ್ಬರದೇ ಕೆಲಸ. ಅವರು ನಿವೃತ್ತರಾದ ಮೇಲೆ ಆ ಜಾಗ ಖಾಲಿ ಬಿತ್ತು. ಈಗ ಹೆಡ್ಮಾಸ್ಟರೇ ಬೀಗ ತೆಗೆಯುತ್ತಾರಂತೆ.

ಅಪ್ಪ ಎತ್ತಿದ ಪ್ರಶ್ನೆಗೆ ಉತ್ತರ ಹುಡುಕಲು ಆ ವಾರ ಸುಮ್ನೆ ಕೂರಲಿಲ್ಲ. ಒಂದು ದಿನ ಬೆಳಗ್ಗೆ ಬೇಗ ಹೋಗಿ ಆ ಕೋಚ್ ಜೊತೆಗೇ ಮಾತಾಡಿದೆ. ನಿಮ್ಮ ಸಂಬಳ ಎಲ್ಲಿಂದ ಬರುತ್ತದೆ ಅಂತ ಕೇಳುವುದು ಸಂಕೋಚದ ವಿಷಯ, ಆದರೂ ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನನ್ನದು ರೆಫರೆಂಡಮ್ ಕೆಲಸ" ಅಂದರು. ಅಂದರೆ ಜನ ಮತ ಹಾಕಿದ ದುಡ್ಡಿನ ಮೇಲೆ ನಿಂತ ಕೆಲಸ. "2027ರ ಜೂನ್ ತನಕ ಇದೆ. ಆಮೇಲೆ ನಿಮ್ಮ ಕೈಯಲ್ಲಿದೆ."

ನಿಮ್ಮ ಕೈಯಲ್ಲಿದೆ ಅಂದದ್ದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಫ್ಲಾರಿಡಾ ಕಾನೂನಿನ ಪ್ರಕಾರ ಇಂಥ ತೆರಿಗೆಗೆ ನಾಲ್ಕೇ ವರ್ಷ ಆಯಸ್ಸು. ಪ್ರತಿ ಸಲ ಮತ್ತೆ ಮತಕ್ಕೆ ಬರಬೇಕು, ಅದೂ ಈಗ ಸಾರ್ವತ್ರಿಕ ಚುನಾವಣೆಯ ದಿನವೇ. ನಮಗೆ ಅದು 2026ರ ನವೆಂಬರ್. ಜನ ಕೊಟ್ಟ ದುಡ್ಡಿಗೆ ಜನ ಆಗಾಗ ಲೆಕ್ಕ ಕೇಳಲಿ ಅನ್ನುವ ಉದ್ದೇಶ ಒಳ್ಳೆಯದೇ. ಸಂಗೀತದ ಟೀಚರ್ ಬೇಕಾ, ಹೊಸ ಬಸ್ ಬೇಕಾ ಅಂತ ಊರಿನವರನ್ನು ಕೇಳುವುದು ಸರಿ. ಆದರೆ ಕಾವಲಿನವರು ಇರಲೇಬೇಕು ಅಂತ ಹೇಳಿದ್ದು ರಾಜ್ಯ ಸರ್ಕಾರ. 2024ರಲ್ಲಿ ಇನ್ನೊಂದು ಕಾನೂನು ಬಂತು, ಮಕ್ಕಳು ಒಳಗಿರುವಾಗ ಪ್ರತಿ ಗೇಟೂ ಬೀಗ ಹಾಕಿರಬೇಕು, ಇಲ್ಲವೇ ಅಲ್ಲಿ ಒಬ್ಬ ಸಿಬ್ಬಂದಿ ನಿಂತಿರಬೇಕು ಅಂತ. ಪಾರ್ಕ್‌ಲ್ಯಾಂಡಿನ ಪಾಠ ಅದು, ಪೂರ್ತಿ ಒಪ್ಪುತ್ತೇನೆ. ನಂತರ ಅದನ್ನು ಸ್ವಲ್ಪ ಸಡಿಲ ಮಾಡಿದರು. ಆದರೂ ಗೇಟಿನಲ್ಲಿ ನಿಲ್ಲಲು ಮನುಷ್ಯರು ಬೇಕಲ್ವಾ? ಅವರ ಸಂಬಳ ನಾಲ್ಕು ವರ್ಷಕ್ಕೊಮ್ಮೆ ಮತದ ಮೇಲೆ ತೂಗಾಡಬಾರದು. ಮತ ಬಿದ್ದುಹೋದರೆ ಕಾನೂನು ಹಾಗೇ ಇರುತ್ತದೆ, ದುಡ್ಡು ಮಾತ್ರ ಇರುವುದಿಲ್ಲ. ಆಗ ಶಾಲೆ ಎಲ್ಲಿಂದ ಕೀಳುತ್ತದೆ? ಕೌನ್ಸೆಲರ್ ಕಡೆಯಿಂದ, ಲೈಬ್ರರಿಯಿಂದ, ಕಲೆಯ ಕ್ಲಾಸಿನಿಂದ.

ಇನ್ನೊಂದು ಅನ್ಯಾಯವೂ ಇದೆ. ಬ್ರೋವಾರ್ಡಿನಲ್ಲಿ ಸಮುದ್ರದ ದಡದ ಉದ್ದಕ್ಕೂ ಕೋಟಿಗಟ್ಟಲೆ ಬೆಲೆಯ ಮನೆಗಳಿವೆ, ಒಂದು ಮಿಲ್ ಹಾಕಿದರೆ ರಾಶಿ ದುಡ್ಡು ಬರುತ್ತದೆ. ಉತ್ತರದ ಲಿಬರ್ಟಿ, ಲಫಯೆಟ್ ಥರದ ಬಡ ಕೌಂಟಿಗಳಲ್ಲಿ ಅದೇ ಒಂದು ಮಿಲ್ ಹಾಕಿದರೆ ನಮ್ಮದರ ನೂರರಲ್ಲೊಂದು ಪಾಲೂ ಹುಟ್ಟುವುದಿಲ್ಲ. ಅಲ್ಲಿ ಇರುವುದು ಕಾಡು, ಹೊಲ, ಸಣ್ಣ ಮನೆಗಳು. ಅಲ್ಲಿನ ಮಗುವಿನ ಜೀವಕ್ಕೂ ಇಲ್ಲಿನ ಮಗುವಿನ ಜೀವಕ್ಕೂ ಬೇರೆ ಬೇರೆ ಬೆಲೆ ಇಲ್ಲ. ಹಾಗಿರುವಾಗ ಕಾವಲಿನ ಖರ್ಚನ್ನು ಆಯಾ ಊರಿನ ಮನೆಗಳ ಬೆಲೆಗೆ ಕಟ್ಟಿಹಾಕುವುದು ಹೇಗೆ ಸರಿ?

ಡಾಲಸ್ ಹತ್ತಿರ ಫ್ರಿಸ್ಕೋದಲ್ಲಿ ನನ್ನ ಚಿಕ್ಕಮ್ಮನ ಮಗಳು ಇದ್ದಾಳೆ, ಅಲ್ಲಿ ಬೀದಿಗೆ ನಾಲ್ಕು ಕನ್ನಡದ ಮನೆಗಳು. ಫೋನಿನಲ್ಲಿ ಈ ವಿಷಯ ಎತ್ತಿದರೆ ಅವಳು ಟೆಕ್ಸಾಸಿನ ಕಥೆ ಹೇಳಿದಳು. 2022ರ ಮೇ 24ಕ್ಕೆ ಯುವಾಲ್ಡಿಯ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, 2 ಟೀಚರುಗಳು ಸತ್ತರು. ಅಲ್ಲಿ 376 ಜನ ಪೊಲೀಸರು ಬಂದಿದ್ದರು, ಆದರೂ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಆ ಕ್ಲಾಸ್‌ರೂಮಿನ ಒಳಗೆ ಹೋಗಲಿಲ್ಲ. ಮರುವರ್ಷ ಅಲ್ಲೂ ಕಾನೂನು ಬಂತು, ಪ್ರತಿ ಶಾಲೆಗೆ ಒಬ್ಬ ಶಸ್ತ್ರಧಾರಿ. ಅದಕ್ಕೆ ರಾಜ್ಯ ಕೊಟ್ಟಿದ್ದು ಶಾಲೆಗೆ 15,000 ಡಾಲರ್, ಮೇಲೆ ಮಗುವಿಗೆ 10 ಡಾಲರ್. ಹದಿನೈದು ಸಾವಿರಕ್ಕೆ ಒಬ್ಬ ಪೊಲೀಸ್ ಯಾವ ಊರಲ್ಲಿ ಸಿಗುತ್ತಾನೆ? ಎಷ್ಟೋ ಜಿಲ್ಲೆಗಳು ನಮ್ಮಿಂದ ಆಗಲ್ಲ ಅಂತ ವಿನಾಯಿತಿ ಬರೆದುಕೊಂಡವು. ಈಚೆಗೆ ಮೊತ್ತ ಹೆಚ್ಚಿಸಿದ್ದಾರೆ. ಆದರೂ ಹೇಳುವವರು ಒಬ್ಬರು, ಕೊಡುವವರು ಇನ್ನೊಬ್ಬರು ಅನ್ನುವ ಕಥೆ ಅಲ್ಲೂ ಅದೇ.

ಈ ಮಾತಿಗೆ ಎದುರು ಮಾತು ನನಗೆ ಗೊತ್ತಿದೆ, ಅದನ್ನು ಹಗುರವಾಗಿ ತಳ್ಳಿಹಾಕಲು ಇಷ್ಟವಿಲ್ಲ. ಶಾಲೆಯಲ್ಲಿ ಯೂನಿಫಾರ್ಮ್ ಹಾಕಿದವರು ಜಾಸ್ತಿಯಾದರೆ ಮಕ್ಕಳ ಸಣ್ಣ ಜಗಳವೂ ಪೊಲೀಸ್ ಕೇಸ್ ಆಗುತ್ತದೆ, ಅದರಲ್ಲೂ ಕಪ್ಪು ಮಕ್ಕಳಿಗೆ ಅನ್ನುತ್ತಾರೆ. ಸುಳ್ಳಲ್ಲ. 2019ರಲ್ಲಿ ಇದೇ ಫ್ಲಾರಿಡಾದ ಓರ್ಲಾಂಡೋದಲ್ಲಿ ಆರು ವರ್ಷದ ಹುಡುಗಿಯೊಬ್ಬಳ ಕೈ ಕಟ್ಟಿ ಶಾಲೆಯಿಂದ ಪೊಲೀಸರು ಕರೆದೊಯ್ದರು. ಆರು ವರ್ಷ. ನನ್ನ ಚಿಕ್ಕವಳಿಗಿಂತ ಒಂದೇ ವರ್ಷ ದೊಡ್ಡವಳು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ಮೇಲೆ ಮಿನಿಯಾಪೊಲಿಸ್, ಡೆನ್ವರ್ ಶಾಲೆಗಳು ಪೊಲೀಸರ ಜೊತೆಗಿನ ಒಪ್ಪಂದ ಮುರಿದುಕೊಂಡವು. 2023ರಲ್ಲಿ ಒಂದು ಹೈಸ್ಕೂಲಿನಲ್ಲಿ ಗುಂಡು ಹಾರಿದ ಮೇಲೆ ಡೆನ್ವರ್ ಮತ್ತೆ ಅವರನ್ನು ಕರೆಸಿಕೊಂಡಿತು.

ನನ್ನ ನಿಲುವು ಇಷ್ಟು. ಈ ದುಡ್ಡಿನಿಂದ ಮೊದಲು ಸಿಗಬೇಕಾದ್ದು ಮಕ್ಕಳ ಹೆಸರು ಗೊತ್ತಿರುವ ಮನುಷ್ಯರು. ವರ್ಷ ವರ್ಷ ಅದೇ ಗೇಟಿನಲ್ಲಿ ನಿಂತು, ಯಾವ ಹುಡುಗ ಈಚೆಗೆ ಒಬ್ಬನೇ ಕೂರುತ್ತಾನೆ, ಯಾವ ಮಗುವನ್ನು ಕರೆತರಲು ದಿನವೂ ಬೇರೆ ಬೇರೆಯವರು ಬರುತ್ತಾರೆ ಅಂತ ಗಮನಿಸುವವರು. ಅಂಥವರು ಉಳಿಯಬೇಕಾದರೆ ಕೆಲಸ ಖಾಯಂ ಇರಬೇಕು, ಸಂಬಳ ಮನೆ ನಡೆಸುವಷ್ಟು ಇರಬೇಕು. ನಾಲ್ಕು ವರ್ಷದ ಕೆಲಸಕ್ಕೆ ಬಂದವರು ಬೇರೆ ಕಡೆ ಖಾಯಂ ಕೆಲಸ ಸಿಕ್ಕ ದಿನ ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಹೊಸಬರು ಬರುತ್ತಾರೆ, ಮಕ್ಕಳ ಹೆಸರು ಮತ್ತೆ ಮೊದಲಿಂದ ಕಲಿಯಬೇಕು.

ಹಾಗಾದರೆ 2026ರ ನವೆಂಬರಿನಲ್ಲಿ ಏನು ಮಾಡುತ್ತೀಯಾ ಅಂತ ಅಪ್ಪ ಕೇಳಿದರು. ಮತ್ತೆ ಕೇಳಿದರೆ ಮತ್ತೆ ಹೌದು ಅಂತಲೇ ಹಾಕುತ್ತೇನೆ. ತತ್ವದ ಹೆಸರಿನಲ್ಲಿ ಬೇಡ ಅಂತ ಮತ ಹಾಕಿದರೆ ಬಿಸಿಲಿನಲ್ಲಿ ನಿಂತ ಆ ಮನುಷ್ಯನ ಕೆಲಸಕ್ಕೆ ಕುತ್ತು. ಆದರೆ ಈ ಸಲ ಬರೀ ಗುಂಡಿ ತುಂಬಿ ಬರುವುದಿಲ್ಲ. ಇಲ್ಲಿ ಮನೆ ತೆರಿಗೆಯನ್ನೇ ತೆಗೆದುಹಾಕಬೇಕು ಅನ್ನುವ ಮಾತು ಗವರ್ನರ್ ಮಟ್ಟದಲ್ಲೇ ಜೋರಾಗಿ ನಡೆಯುತ್ತಿದೆ. ಜಿಲ್ಲೆಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿದೆ, ಬಜೆಟ್ ಬಿಗಿಯಾಗುತ್ತಿದೆ. ಈಗ ಕೇಳದಿದ್ದರೆ ಇನ್ಯಾವಾಗ?

ಸೆಪ್ಟೆಂಬರಿನಲ್ಲಿ ಸ್ಕೂಲ್ ಬೋರ್ಡಿನ ಬಜೆಟ್ ಸಭೆಗೆ ಹೋದೆವು, ಅಪ್ಪನೂ ಬಂದರು. ಅಲ್ಲಿ ಯಾರು ಬೇಕಾದರೂ ಹೆಸರು ಕೊಟ್ಟು ಮಾತಾಡಬಹುದು. ಗ್ರೀನ್ ಕಾರ್ಡ್ ಇದ್ದವರು, ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ನಮ್ಮ ಜನ ದಯವಿಟ್ಟು ಇದನ್ನು ಗಮನಿಸಿ. ನಿಮಗೆ ಮತ ಇಲ್ಲದಿರಬಹುದು, ಮೈಕ್ ಇದೆ. ನೀವೂ ಅಷ್ಟೇ ತೆರಿಗೆ ಕಟ್ಟುತ್ತೀರಿ. ನಾನು ಬರೆದುಕೊಂಡು ಹೋಗಿದ್ದನ್ನೇ ಓದಿದೆ. ನಮ್ಮ ಶಾಲೆಗೆ ಈ ದುಡ್ಡಿನಿಂದ ಎಷ್ಟು ಜನ ಕಾವಲಿನವರು ಬಂದಿದ್ದಾರೆ, ಅವರಲ್ಲಿ ಎಷ್ಟು ಜನ ಎರಡು ವರ್ಷಕ್ಕಿಂತ ಹೆಚ್ಚು ಉಳಿದಿದ್ದಾರೆ, ಶಾಲೆವಾರು ಲೆಕ್ಕ ಹಾಕಿ ಪೋಷಕರಿಗೆ ಕಳಿಸುತ್ತೀರಾ, ಖಾಯಂ ಅನುದಾನಕ್ಕಾಗಿ ರಾಜ್ಯ ಸರ್ಕಾರವನ್ನು ಕೇಳಿದ್ದೀರಾ. ಕೈ ಸ್ವಲ್ಪ ನಡುಗುತ್ತಿತ್ತು. ಬರೆದುಕೊಂಡೆವು, ಉತ್ತರ ಕಳಿಸುತ್ತೇವೆ ಅಂದರು. ಇನ್ನೂ ಬಂದಿಲ್ಲ. ಎರಡು ಸಲ ನೆನಪಿಸಿದ್ದೇನೆ, ಮತ್ತೂ ನೆನಪಿಸುತ್ತೇನೆ.

ಕಳೆದ ತಿಂಗಳು ಚಿಕ್ಕವಳು ಮನೆಗೆ ಬಂದು ಕೋಡ್ ರೆಡ್ ಡ್ರಿಲ್ ಆಯಿತು ಅಂದಳು. ಅವರ ಕ್ಲಾಸಿನ ಒಂದು ಮೂಲೆಯಲ್ಲಿ ನೆಲಕ್ಕೆ ಬಣ್ಣದ ಟೇಪ್ ಅಂಟಿಸಿದ್ದಾರೆ, ಬಾಗಿಲಿನ ಗಾಜಿನಿಂದ ನೋಡಿದರೆ ಕಾಣದ ಜಾಗ ಅದು. ಎಲ್ಲರೂ ಆ ಟೇಪಿನ ಒಳಗೆ ಕೂತು ಉಸಿರು ಬಿಗಿಹಿಡಿದರಂತೆ. ಹೆದರಿಕೆ ಆಯಿತಾ ಪುಟ್ಟಿ ಅಂತ ಕೇಳಿದೆ. "ಇಲ್ಲಮ್ಮ, ಹೊರಗೆ ಕೋಚ್ ಇದ್ದರಲ್ಲ" ಅಂದಳು. ಅವಳನ್ನು ತೊಡೆ ಮೇಲೆ ಕೂರಿಸಿಕೊಂಡು ತುಂಬಾ ಹೊತ್ತು ತಲೆ ಸವರಿದೆ.

ಅಪ್ಪ ಅಕ್ಟೋಬರಿನಲ್ಲಿ ಊರಿಗೆ ಹೋದರು. ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಮಕ್ಕಳು ಹೇಗಿದ್ದಾರೆ, ಅಳಿಯಂದಿರು ಹೇಗಿದ್ದಾರೆ, ಅಡುಗೆ ಏನು ಅಂತ ಕೇಳಿ, ಫೋನ್ ಇಡುವ ಮುಂಚೆ ಇನ್ನೊಂದು ಕೇಳುತ್ತಾರೆ.

"ಆ ಗೇಟಿನವರು ಇದ್ದಾರಾ?"

"ಇದ್ದಾರೆ ಅಪ್ಪಾ."

"ಲೆಕ್ಕ ಬಂತಾ?"

"ಇನ್ನೂ ಇಲ್ಲ."

"ಬಿಡಬೇಡ, ಮತ್ತೆ ಕೇಳು."